ಕೈ ಅಡ್ಡ ಹಿಡಿದವರಿಗೆ ಇನ್ನೊಂದು ರೊಟ್ಟಿ

ಇಸವಿ ಎರಡು ಸಾವಿರದ ನೂರಾ ಎಪ್ಪತ್ನಾಲ್ಕು, ಶ್ರಾವಣದ ಮೂವತ್ಮೂರನೇ ತಾರೀಖು
ಒಂಬತ್ತನೇ ಓಣಿಯ ಒಲೆಮನೆ, ಬೆಟಗೇರಿ

ಹಂಪವ್ವಗೆ,

ಈ ಕಾಗದ ನಾನಾಗಿ ಬರೆಯುತ್ತಿಲ್ಲ, ಬರೆಸುತ್ತಿದ್ದಾರೆ. ಬರೆಯುವುದು ನನಗೆ ಮೊದಲಿಂದಲೂ ಆಗದ ಕೆಲಸ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬಿಡಿಸಿದ್ದು ಬೇರೆ ಯಾರೂ ಅಲ್ಲ, ನಾನೇ ಬಿಟ್ಟೆ. ಸೊಸೆ ಕಸ್ತೂರಿ ಬೆಳಿಗ್ಗೆಯಿಂದ ಎದುರಿಗೆ ಕುಂತಿದ್ದಾಳೆ. "ಅತ್ತಿ, ಒಂದ ಸಾಲರ ಬರೀರಿ" ಅನ್ನುತ್ತಾಳೆ. ಬರೆದರೆ, "ಇಷ್ಟ ಸಿಟ್ಟೀಲೆ ಬರದ್ರ ಆಕಿ ಓದತಾಳೇನು" ಅನ್ನುತ್ತಾಳೆ. ಓದಿದರೆ ಓದು ಬಿಟ್ಟರೆ ಬಿಡು ಎಂದು ಬರೆದು ಮುಗಿಸುವ ಮನಸ್ಸು ನನ್ನದು. ಹಾಗೆ ಮಾಡುವಂತಿಲ್ಲ. ನೀನು ಓದಿ ಉತ್ತರ ಕೊಡದಿದ್ದರೆ ಈ ಓಣಿಯ ಒಲೆ ಹೋಗುತ್ತದೆ.

ತಾರೀಖು ನೋಡಿ ಬೆದರಬೇಡ. ನಮ್ಮಲ್ಲಿ ತಿಂಗಳಿಗೆ ಮೂವತ್ತಾರು ದಿನ, ಯಾವನೋ ಕುಂತು ಹಾಗೆ ಮಾಡಿದ್ದಾನೆ. ನನ್ನ ಮಾತಿನಲ್ಲಿ ನಿನಗೆ ಗೊತ್ತಿಲ್ಲದ ಶಬ್ದ ಬಂದರೆ ಸಿಟ್ಟಾಗಬೇಡ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದಕ್ಕೆ ಹಿಂದೋಲೆ ಅಂತ ಹೆಸರು. ಎಂಬತ್ತು ದಾಟಿದವರಿಗೆ ಜೀವಮಾನದಲ್ಲಿ ಒಂದೇ ಸಲ ಹಿಂದಿನ ಕಾಲಕ್ಕೆ ಕಾಗದ ಕಳಿಸಲು ಕೊಡುತ್ತಾರೆ. ಅದೂ ನೂರು ವರ್ಷದ ಆಚೆಗೆ ಮಾತ್ರ, ಈಚಿನವರಿಗೆ ಕಳಿಸುವಂತಿಲ್ಲ. ನೀನು ನಮ್ಮ ಅಜ್ಜಿಯ ಅಜ್ಜಿ. ಆದರೆ ಇದು ನಿನ್ನ ಕೈಗೆ ಮುಟ್ಟುವಾಗ ನಿನಗೆ ನಲವತ್ತು, ನನಗೆ ಎಂಬತ್ತೊಂದು. ಹಿರಿಯಳು ನೀನೋ ನಾನೋ ಎಂದು ಹಿಂದೋಲೆ ಕಚೇರಿಯವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ನಿಮ್ಮಲ್ಲಿ ನೀರಿನ ನಳ ಇರುವ ಹಾಗೆ ನಮ್ಮಲ್ಲಿ ಮನೆಮನೆಗೆ ಊಟದ ನಳ ಇದೆ. ಬರುವುದಕ್ಕೆ ನಳದಂಬಲಿ ಅನ್ನುತ್ತೇವೆ. ಬೂದಿ ಬಣ್ಣ, ಉಗುರುಬೆಚ್ಚಗೆ. ಮೈಗೆ ಬೇಕಾದ್ದೆಲ್ಲ ಅದರಲ್ಲಿದೆಯಂತೆ. ಇರಬೇಕು, ಎಂಬತ್ತೊಂದಕ್ಕೂ ನನ್ನ ಹಲ್ಲು ಗಟ್ಟಿ ಇವೆ. ಬಟ್ಟಲು ಹಿಡಿದರೆ ಬೀಳುತ್ತದೆ, ತುಂಬಿದ ಮೇಲೆ "ಇನ್ನೂ ಬೇಕೇ" ಎಂದು ಒಂದು ಸಲ ಕೇಳುತ್ತದೆ. ಬೇಡ ಅಂದರೆ ಮುಚ್ಚಿಕೊಳ್ಳುತ್ತದೆ, ಎರಡನೇ ಸಲ ಕೇಳುವುದಿಲ್ಲ. ನಾಲ್ಕು ತಲೆಮಾರು ಹೀಗೆ ಉಂಡು ಉಂಡು ನಮ್ಮ ಮಂದಿಗೆ ಬೇಕಾದರೆ ಬೇಕು, ಬೇಡವಾದರೆ ಬೇಡ ಅನ್ನುವುದು ರೂಢಿಯಾಗಿದೆ. ಇದನ್ನೇ ಕಾಯಿದೆ ಕೂಡ ಮಾಡಿದ್ದಾರೆ. ಒಬ್ಬರು ಬೇಡ ಅಂದ ಮೇಲೆ ಮತ್ತೆ ಕೇಳಿದರೆ ಅದು ಬಲವಂತ. ತಾಟಿನಲ್ಲಿ ಉಳಿದ ತುತ್ತು ಇನ್ನೊಂದು ತಪ್ಪು, ಜೋಳ ಅಷ್ಟು ಕಡಿಮೆ ಬೆಳೆಯುತ್ತದೆ.

ಮನೆಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಬಿಸಿಲ್ತಟ್ಟೆ ಅಂತ ಅಂಗೈಯಗಲದ ಒಂದು ತಟ್ಟೆ ಕೊಟ್ಟಿದ್ದಾರೆ, ಮಧ್ಯಾಹ್ನ ಅರ್ಧ ತಾಸು ಕಾಯುತ್ತದೆ. ಮನೆ ಅಡಿಗೆ ಅಂದರೆ ಅಷ್ಟೇ. ಆ ಅರ್ಧ ತಾಸಿನಲ್ಲಿ ಓಣಿಯವರೆಲ್ಲ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕುಂತು ಸಾಸಿವೆ ಸಿಡಿಸುತ್ತಾರೆ. ಒಬ್ಬಳ ಹತ್ತಿರ ಕರಿಬೇವು, ಒಬ್ಬಳ ಹತ್ತಿರ ನಾಲ್ಕು ಎಸಳು ಬಳ್ಳೊಳ್ಳಿ. ಕೊಟ್ಟು ತೊಗೊಂಡು ಎಲ್ಲರದೂ ಒಗ್ಗರಣೆ ಆಗುತ್ತದೆ. ಅದನ್ನು ಅಂಬಲಿಗೆ ಸುರಿದುಕೊಂಡು ಉಣ್ಣುತ್ತಾರೆ. ಎದುರು ಮನೆಯವಳು ದಿನಾ ಒಂದೇ ಮಾತು ಅನ್ನುತ್ತಾಳೆ, "ಇವತ್ತ ನನ್ನ ಸಾಸಿವಿ ನಿನ್ನಕಿಂತ ಮೊದಲ ಸಿಡೀತು." ಇದರಲ್ಲಿ ಸಂತೋಷ ಇದೆ, ನೋಡಿದರೆ ಗೊತ್ತಾಗುತ್ತದೆ. ನನಗೆ ಈಗ ಆರು ವರ್ಷದಿಂದ ವಾಸನೆ ಅಷ್ಟಾಗಿ ಬರುವುದಿಲ್ಲ. ಸಾಸಿವೆ ಸಿಡಿಯುವುದು ಕಿವಿಗೆ ಕೇಳುತ್ತದೆ, ಅಷ್ಟು ಸಾಕು.

ಹೊರಗೆ ಉಣ್ಣಬೇಕೆಂದರೆ ಓಣಿಗೊಂದು ಒಲೆಮನೆ. ನಿಜವಾದ ಒಲೆ, ಕಟ್ಟಿಗೆ, ಹಂಚು. ಊರಲ್ಲಿ ನಲವತ್ತು ಇದ್ದವು, ಈಗ ಮೂರು. ನಮ್ಮದು ನಿನ್ನ ಖಾನಾವಳಿ ಇದ್ದ ಜಾಗದಲ್ಲೇ ಇದೆ. ವಾರಕ್ಕೆ ಎರಡು ಸಲ ಮಧ್ಯಾಹ್ನ ಬಾಗಿಲು ತೆರೆಯುತ್ತೇವೆ. ಕಸ್ತೂರಿ ಎಣ್ಣೆಗಾಯಿ ಮಾಡುತ್ತಾಳೆ, ಗುರೆಳ್ಳು ಪುಡಿ ಮಾಡುತ್ತಾಳೆ, ನಾನು ರೊಟ್ಟಿ ಬಡಿಯುತ್ತೇನೆ. ಹಮಾಲಿ ಮಾಡುವವರು, ಸಾಲಿ ಕಲಿಸುವವರು, ಹೆಂಡತಿ ಜೊತೆ ಜಗಳ ಆಡಿ ಬಂದವರು ಎಲ್ಲ ಒಂದೇ ಸಾಲಿನಲ್ಲಿ ಕುಂತು ಉಣ್ಣುತ್ತಾರೆ. ಬಿಸಿ ರೊಟ್ಟಿ ಮುರಿದಾಗ ಒಳಗಿಂದ ಹಬೆ ಬರುತ್ತದಲ್ಲ, ಅದಕ್ಕೇ ಮುಖ ಒಡ್ಡಿ ಸ್ವಲ್ಪ ಹೊತ್ತು ಸುಮ್ಮನೆ ಕುಂತುಬಿಡುವವರಿದ್ದಾರೆ. ನಾನು, "ರೊಟ್ಟಿ ತಿನ್ನಾಕ ಕೊಟ್ಟದ್ದು, ಮಾರಿ ಕಾಸ್ಕೊಳ್ಳಾಕಲ್ಲ" ಅನ್ನುತ್ತೇನೆ. ನಗುತ್ತಾರೆ.

ನಮ್ಮಲ್ಲಿ ಬಡಿಸುವ ರೀತಿ ಬೇರೆ. ಅಜ್ಜಿ ನನಗೆ ಕಲಿಸಿದ್ದು, ಅವಳಿಗೆ ನೀನು ಕಲಿಸಿದ್ದಂತೆ. ಸಾಕು ಅಂದವರಿಗೆ ಇನ್ನೊಂದು ಹಾಕಬೇಕು. ಒಲ್ಲೆ ಅಂದು ತಾಟಿಗೆ ಕೈ ಅಡ್ಡ ಹಿಡಿದರೆ ಆ ಕೈಯ ಮೇಲೆ ಹಾಕಬೇಕು. ಉಂಡವನು ತಾನು ಬೇಕು ಅಂತ ಕೇಳುವ ಹಾಗೆ ಆಗಬಾರದು, ಕೇಳಿದರೆ ಮನೆಗೆ ಅವಮಾನ. ಓಣಿಯವರಿಗೆ ಇದು ಗೊತ್ತು. ಬೇರೆ ಕಡೆ ಒಂದೇ ಮಾತಿನ ಜನ, ನಮ್ಮ ಹೊಸ್ತಿಲು ದಾಟಿದರೆ ಮೂರು ಸಲ ಒಲ್ಲೆ ಅಂದು ನಾಲ್ಕು ರೊಟ್ಟಿ ತಿನ್ನುತ್ತಾರೆ. ಈ ತಿಂಗಳ ಎಂಟಕ್ಕೆ, ಊಟದ ಕಾಯಿದೆ ನೋಡುವ ಕಚೇರಿಯಿಂದ ಅಮೀನಗಡ ಅನ್ನುವ ಪರೀಕ್ಷಕ ಬಂದ. ಸಣಕಲ, ಮೂವತ್ತು ವರ್ಷದವನು, ಇದುವರೆಗೆ ಒಲೆಮನೆಯಲ್ಲಿ ಉಂಡವನಲ್ಲ. ಅವನ ಪಕ್ಕದಲ್ಲಿ ಹಮಾಲ ದಾವಲಸಾಬ ಕುಂತಿದ್ದ.

ಎರಡು ರೊಟ್ಟಿ ತಿಂದು ಅಮೀನಗಡ ಸಾಕು ಅಂದ. ನಾನು ಮೂರನೆಯದು ಹಾಕಿದೆ. ಅವನು ನನ್ನ ಮುಖ ನೋಡಿದ, ಆಮೇಲೆ ತಿಂದ. ಚಟ್ನಿಯನ್ನು ಬೆರಳಲ್ಲಿ ಒರೆಸಿ ತಿಂದ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಲ್ಕನೆಯದನ್ನು ತಂದಾಗ, "ಅಮ್ಮಾರ, ಒಲ್ಲೇರಿ. ಖರೇನ ಒಲ್ಲೆ" ಅಂದ.

"ನಿಮ್ಮ ಖರೇ ನಿಮ್ಮ ಕಚೇರ್‍ಯಾಗ ಇಟ್ಕೋರಿ" ಅಂದೆ.

ದಾವಲಸಾಬ ಅವನ ಕಡೆ ಬಾಗಿ, "ಸಾಹೇಬ್ರ, ಈಕಿ ಮುಂದ ಬಾಯಿ ಮಾತು ನಡಿಯಂಗಿಲ್ಲರಿ. ತಾಟ ಎತ್ಕೊಂಡ ಓಡಬೇಕು, ಅದೊಂದ ದಾರಿ" ಅಂದ. ಸಾಲಿನವರೆಲ್ಲ ನಕ್ಕರು. ಅಮೀನಗಡ ನಗಲಿಲ್ಲ. ಎರಡೂ ಕೈ ತಾಟಿನ ಮೇಲೆ ಅಡ್ಡ ಇಟ್ಟ. ನಾನು ಹಂಚಿನಿಂದ ಆಗ ತೆಗೆದ ರೊಟ್ಟಿಯನ್ನು ಆ ಕೈಗಳ ಮೇಲೆ ಹಾಕಿದೆ. ಅವನು ಕೈ ಕಿತ್ತುಕೊಂಡ, ಮುಂಗೈ ಕೆಂಪಾಗಿತ್ತು. ರೊಟ್ಟಿ ತಾಟಿಗೆ ಬಿತ್ತು, ಅಲ್ಲೇ ಉಳಿಯಿತು. ಅವನು ಎದ್ದು ಕೈ ತೊಳೆದುಕೊಂಡು, ಉಳಿದ ರೊಟ್ಟಿಯ ಚಿತ್ರ ತೆಗೆದುಕೊಂಡು, ನಮಸ್ಕಾರ ಮಾಡಿ ಹೋದ. ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ.

ಮೂರು ದಿನಕ್ಕೆ ಬಂದು ಒಲೆಯ ಬಾಯಿಗೆ ಮಣ್ಣು ಮೆತ್ತಿ ಮುದ್ರೆ ಒತ್ತಿದರು. ಓಣಿ ಸಭೆಗೆ ಕರೆದರು. ಅಧ್ಯಕ್ಷೆ ನನಗಿಂತ ಚಿಕ್ಕವಳು, ಅರವತ್ತು ಇರಬೇಕು. "ನೀವು ಅವರಿಗೆ ಬಲವಂತ ಮಾಡಿದ್ದು ಹೌದೋ ಅಲ್ಲೋ?" ಎಂದು ಕೇಳಿದಳು. "ಅದು ಬಲವಂತ ಅಲ್ಲ, ಉಪಚಾರ" ಅಂದೆ. "ಎರಡಕ್ಕೂ ಏನು ಫರಕು, ಹೇಳ್ರಿ" ಅಂದಳು. ನಾನು ಕಸ್ತೂರಿಯ ಮುಖ ನೋಡಿದೆ. ಕಸ್ತೂರಿ ಎದ್ದು, "ಇದು ನಮ್ಮ ಹಳೇ ಪದ್ಧತಿರೀ, ನೂರೈವತ್ತ ವರ್ಷದ್ದು" ಅಂದಳು. ನಳ ಬರುವುದಕ್ಕೂ ಮುಂಚಿನ ಪದ್ಧತಿಗೆ ಕಾಯಿದೆಯಲ್ಲಿ ಮಾಫಿ ಇದೆ. ಆದರೆ ಆ ಕಾಲದ ಕೈಬರಹದ ಸಾಕ್ಷಿ ಬೇಕು, ಬಾಯಿಮಾತು ನಡೆಯುವುದಿಲ್ಲ. ಮುಂದಿನ ತಿಂಗಳ ಸಭೆಯಲ್ಲಿ ಸಾಕ್ಷಿ ತೋರಿಸದಿದ್ದರೆ ಒಲೆ ಒಡೆಯುತ್ತಾರೆ. ಒಡೆದ ಒಲೆಯನ್ನು ಮತ್ತೆ ಕಟ್ಟಲು ಪರವಾನಗಿ ಇಲ್ಲ.

ಈಗ ಬಾಗಿಲು ಮುಚ್ಚಿ ಇಪ್ಪತ್ತೆರಡು ದಿನ. ಬೆಳಿಗ್ಗೆ ಎದ್ದು ಬಂದು ರೊಟ್ಟಿ ಬಡಿಯುವ ಹಲಗೆಯ ಮುಂದೆ ಕೂಡುತ್ತೇನೆ. ಹಿಟ್ಟಿಲ್ಲದಿದ್ದರೂ ಕೈ ಬಡಿಯುತ್ತದೆ. ಕಸ್ತೂರಿ ಹೆದರಿ ಹೆಸರು ಹಿಡಿದು ಕರೆಯುತ್ತಾಳೆ, ನಾನು ನಿಲ್ಲಿಸುತ್ತೇನೆ. ದಾವಲಸಾಬ ಮಧ್ಯಾಹ್ನ ಬಂದು ಮುಚ್ಚಿದ ಬಾಗಿಲಿಗೆ ಒರಗಿ ಕುಂತು ಹೋಗುತ್ತಾನೆ. ಮನೆಯಲ್ಲಿ ಬಟ್ಟಲು ಹಿಡಿದರೆ ಬೀಳುವ ಊಟವನ್ನು ಬಿಟ್ಟು ಯಾಕೆ ಬರುತ್ತೀ ಎಂದರೆ, "ನಳ ನನ್ನ ಒಮ್ಮೆರ ಬೈದೈತೇನಬೇ" ಅನ್ನುತ್ತಾನೆ.

ಇನ್ನೊಂದು ಮಾತಿದೆ. ಇದನ್ನು ಬರೆಯಲಿಕ್ಕೆ ಕಸ್ತೂರಿಯನ್ನು ನೀರಿಗೆ ಕಳಿಸಿದ್ದೇನೆ.

ನಮ್ಮ ಮನೆಯವರು ಫಕೀರಪ್ಪ. ಐವತ್ತೊಂದು ವರ್ಷ ನನ್ನ ಕೈಯಲ್ಲಿ ಉಂಡರು. ಮೊದಲನೇ ದಿನದಿಂದ ಒಲ್ಲೆ ಅಂತಲೇ ಉಂಡರು. ಒಲ್ಲೆ ಅನ್ನುವುದು, ನಾನು ಹಾಕುವುದು, "ನಿನ್ನ ಕೈಯಾಗ ಸಿಕ್ಕವ ಉಪಾಸ ಸಾಯಂಗಿಲ್ಲ, ಉಂಡ ಸಾಯತಾನ" ಎಂದು ಬೈಯುತ್ತ ಅವರು ಉಣ್ಣುವುದು. ಆರು ವರ್ಷದ ಹಿಂದೆ ಜ್ವರ ಬಂದು ಮಲಗಿದರು. ಒಂದು ದಿನ ಮಧ್ಯಾಹ್ನ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಒಯ್ದೆ. ಒಲ್ಲೆ ಅಂದರು. ಬೆಳಿಗ್ಗೆಯಿಂದ ಅರವತ್ತು ರೊಟ್ಟಿ ಬಡಿದಿದ್ದೆ, ರಟ್ಟೆ ಸೋತಿತ್ತು. ಆಯಿತು ಎಂದು ತಾಟು ತಿರುಗಿ ಒಯ್ದೆ. ಜೀವಮಾನದಲ್ಲಿ ಮೊದಲನೇ ಒಲ್ಲೆಗೆ ನಾನು ಬಿಟ್ಟದ್ದು ಅದೊಂದೇ ಸಲ. ನಾನು ಬಾಗಿಲು ದಾಟುವವರೆಗೂ ಅವರು ನನ್ನನ್ನೇ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ತೀರಿಕೊಂಡರು. ಉಂಡಿದ್ದರೂ ತೀರಿಕೊಳ್ಳುತ್ತಿದ್ದರು ಎಂದು ವೈದ್ಯ ಹೇಳಿದ. ಇರಬಹುದು. ಅವರು ನೋಡುತ್ತಿದ್ದದ್ದು ತಾಟನ್ನೋ, ನಾನು ಸುಮ್ಮನೆ ಹೋಗುವುದನ್ನೋ, ನನಗೆ ಗೊತ್ತಿಲ್ಲ. ನಾನು ಅತ್ತಿಲ್ಲ. ಮೂರನೇ ದಿನಕ್ಕೆ ಒಲೆ ಹಚ್ಚಿದೆ. ಅವತ್ತಿನಿಂದ ಯಾರು ಒಲ್ಲೆ ಅಂದರೂ ಬಿಡುವುದಿಲ್ಲ. ಅಮೀನಗಡನ ಕೈ ಸುಟ್ಟದ್ದು ನಿನ್ನ ಪದ್ಧತಿಯಿಂದಲೋ ನನ್ನ ಈ ಹಟದಿಂದಲೋ ಎಂದು ಸಭೆಯವರು ಕೇಳಲಿಲ್ಲ. ನಾನೇ ಕೇಳಿಕೊಳ್ಳುತ್ತಿದ್ದೇನೆ.

ಅದಕ್ಕೆ ನೀನು ಎರಡು ಬರೆಯಬೇಕು. ನಿನ್ನ ಖಾನಾವಳಿಯಲ್ಲಿ ಸಾಕು ಅಂದವರಿಗೆ ಹಾಕುತ್ತಿದ್ದಿಯೋ ಇಲ್ಲವೋ, ಇದು ಸಭೆಗೆ. ನಿನ್ನ ಹೆಸರು, ಊರು, ರುಜು ಇರಲಿ. ಇನ್ನೊಂದು ನನಗೆ. ಹಾಕುತ್ತಿದ್ದರೆ, ಎಲ್ಲಿ ನಿಲ್ಲಿಸುತ್ತಿದ್ದಿ? ಉಣ್ಣುವವನ ಕಣ್ಣು ನೋಡಿಯೋ, ತಾಟಿಗೆ ಅಡ್ಡ ಹಿಡಿದ ಕೈ ನೋಡಿಯೋ? ಯಾವ ಒಲ್ಲೆ ಖರೇ, ಯಾವುದು ಸುಳ್ಳು ಎಂದು ನಿನಗೆ ಹೇಗೆ ತಿಳಿಯುತ್ತಿತ್ತು? ಅಜ್ಜಿ ಹಾಕುವುದನ್ನು ಕಲಿಸಿದಳು. ನಿಲ್ಲಿಸುವುದನ್ನು ಕಲಿಸುವ ಮೊದಲೇ ಹೋದಳು. ನಿನ್ನ ಕಾಲದಲ್ಲಿ ಊರ ತುಂಬ ಖಾನಾವಳಿ ಇದ್ದವಂತೆ, ಮನೆಮನೆಯಲ್ಲೂ ಒಲೆ ಇತ್ತಂತೆ. ಅಷ್ಟು ಜನ ಅಷ್ಟು ಜನಕ್ಕೆ ದಿನಾ ಬಡಿಸುತ್ತಿದ್ದಾಗ ಇದು ಯಾರಿಗಾದರೂ ಗೊತ್ತಿರಲೇಬೇಕು. ನಿನಗೆ ಗೊತ್ತಿಲ್ಲದಿದ್ದರೆ ಪಕ್ಕದ ಖಾನಾವಳಿಯವಳನ್ನು ಕೇಳಿ ಬರೆ.

ಒಲೆ ಉಳಿಯಲಿ ಎಂದು ಸುಳ್ಳು ಬರೆಯಬೇಡ. ನೀನು ಹಾಕುತ್ತಿರಲಿಲ್ಲ, ಇದೆಲ್ಲ ಅಜ್ಜಿ ಕಟ್ಟಿದ ಮಾತು ಅನ್ನುವುದಾದರೆ ಹಾಗೇ ಬರೆ. ನಾನೇ ಸಭೆಗೆ ಒಯ್ದು ಓದುತ್ತೇನೆ. ಒಡೆಯುವವರು ಒಡೆಯಲಿ.

ಕಾಗದ ಇಲ್ಲಿಂದ ಅಲ್ಲಿಗೆ ಬರುತ್ತದೆ, ಅಲ್ಲಿಂದ ಇಲ್ಲಿಗೆ ಬರುವುದಿಲ್ಲ. ನೀನು ಬರೆದದ್ದು ನೂರಾ ನಲವತ್ತೆಂಟು ವರ್ಷ ನೆಲದಲ್ಲಿ ಕುಂತು ನಮಗೆ ಸಿಗಬೇಕು. ಬಾಲ್‌ಪೆನ್ನು ಬೇಡ, ಅಳಿಸಿಹೋಗುತ್ತದಂತೆ, ಪೆನ್ಸಿಲಿನಲ್ಲಿ ಬರೆ. ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಮೇಣ ಬಿಟ್ಟು, ಹಿತ್ತಲ ಬಾಗಿಲಿನ ಎಡಕ್ಕೆ ಮೊಳದಾಳ ಹೂಳು. ಬೇರೆ ಎಲ್ಲಿ ಇಟ್ಟರೂ ಉಳಿಯುವುದಿಲ್ಲ, ಮನೆ ಮೂರು ಸಲ ಬಿಚ್ಚಿ ಕಟ್ಟಿದ್ದಾರೆ. ಹಿತ್ತಲಿನ ಸಿಮೆಂಟು ಮಾತ್ರ ನೀನು ಹಾಕಿಸಿದ್ದೇ ಇದೆ. ಅದು ಹಸಿ ಇದ್ದಾಗ ಯಾರೋ ಬೆರಳಲ್ಲಿ ತಾರೀಖು ಗೀಚಿದ್ದಾರೆ, ಆರು, ಹನ್ನೊಂದು, ಇಪ್ಪತ್ತಾರು. ಸಿಮೆಂಟು ಬಿದ್ದ ಮೇಲೆ ನೀನು ಹೂಳಲು ಆಗುವುದಿಲ್ಲ. ನಮಗೆ ಅದನ್ನು ಒಡೆದು ನೋಡಲು ಒಂದೇ ಸಲ ಅಪ್ಪಣೆ ಇದೆ.

ಕಸ್ತೂರಿ ನೀರು ತಂದಳು. ಕ್ಷೇಮ ಸಮಾಚಾರ ಕೇಳಿಲ್ಲವಲ್ಲ ಎಂದು ಅನ್ನುತ್ತಿದ್ದಾಳೆ. ನೀನು ತೀರಿಕೊಂಡು ಎಷ್ಟೋ ವರ್ಷ ಆಯಿತು, ಕ್ಷೇಮ ಏನು ಕೇಳುವುದು.

ಉತ್ತರ ಬೇಕು. ಎರಡು ಸಾವಿರದ ಇಪ್ಪತ್ತಾರು, ನವೆಂಬರ್ ಐದನೇ ತಾರೀಖಿನ ಒಳಗೆ ಹೂಳು.

ಬಸಲಿಂಗವ್ವ