ಹಿಂಬದಿಯ ರಟ್ಟಿನ ಗೆರೆಗಳು

ಗ್ರಂಥಾಲಯದ ಎರಡನೇ ಮಹಡಿಯಿಂದ
ಮಾರ್ಚ್ ೧೧, ಸೋಮವಾರ, ಊಟದ ಬಿಡುವು

ಪ್ರೀತಿಯ ಅಪ್ಪಾ,

ಮೊದಲು ನಿಮ್ಮ ಮಂಡಿ ಹೇಗಿದೆ ಹೇಳಿ. ಎಣ್ಣೆ ಹಚ್ಚುತ್ತಿದ್ದೀರಾ, ಇಲ್ಲ ಶೀಶೆಯನ್ನು ಕಿಟಕಿಯಲ್ಲಿಟ್ಟು ದಿನಾ ನೋಡುತ್ತಿದ್ದೀರಾ? ಅಕ್ಕನ ಕಾಲಿನ ಪ್ಲಾಸ್ಟರ್ ತೆಗೆದರಂತೆ, ಒಳ್ಳೆಯದಾಯಿತು. ಅವಳ ಅವಳಿ ಮಕ್ಕಳು ನಿಮ್ಮ ಕನ್ನಡಕ ಮುರಿಯದೆ ಉಳಿಸಿದ್ದಾರೆ ತಾನೆ? ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದಳು ಅಂತ ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಿ ನಾನು ‘ಲೈಬ್ರರಿ’ ಎಂದ ಕೂಡಲೇ ನೀವು ‘ತಗೊ, ಅಕ್ಕನ ಹತ್ರ ಮಾತಾಡು’ ಎಂದು ಜಾರಿಕೊಳ್ಳುತ್ತೀರಿ. ಆರು ವರ್ಷದಿಂದ ಇದೇ ಕಥೆ. ಕಾಗದವನ್ನಾದರೆ ಹಾಗೆ ದಾಟಿಸಲಾರಿರಿ. ಅಕ್ಷರ ಕಂಡರೆ ಓದದೆ ಬಿಡುವ ಆಸಾಮಿ ನೀವಲ್ಲ.

ಅಪ್ಪಾ, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ಆದರೆ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನೀವು ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದ ಇದೇ ವಾಚನಾಲಯವನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನಲ್ಲ, ಅದರ ಹಿಂದಿನ ಕಪಾಟುಗಳನ್ನು ತೆರವು ಮಾಡಿ ಅಧ್ಯಾಪಕರಿಗೂ ಸಂಶೋಧನೆ ಮಾಡುವವರಿಗೂ ಕಂಪ್ಯೂಟರ್ ಕೊಠಡಿ ಮಾಡಬೇಕೆಂದು ಗ್ರಂಥಾಲಯ ಸಮಿತಿಯಲ್ಲಿ ತೀರ್ಮಾನವಾಯಿತು. ಒಳ್ಳೆಯ ಯೋಜನೆಯೇ. ದೇಶವಿದೇಶಗಳ ಸಂಶೋಧನಾ ಪತ್ರಿಕೆಗಳನ್ನು ಕೂತಲ್ಲೇ ಓದಬಹುದು. ಪಾಠಕ್ಕೆ ಬೇಕಾದ ಲೇಖನ ಹುಡುಕುವುದು ಹೇಗೆಂದು ಹೊಸದಾಗಿ ಸೇರಿದ ಮೇಷ್ಟ್ರುಗಳಿಗೆ ನಾನೇ ಹೇಳಿಕೊಡುತ್ತೇನೆ. (ಹೌದು, ನಿಮ್ಮ ಮಗಳು ಈಗ ಮೇಷ್ಟ್ರುಗಳಿಗೇ ಮೇಷ್ಟ್ರು!) ಯಾವ ಪುಸ್ತಕ ತೆಗೆಯಬೇಕೆಂಬ ಪಟ್ಟಿಯೂ ನನ್ನ ಪಾಲಿಗೇ ಬಂತು. ಹದಿನೈದು ವರ್ಷದಿಂದ ಯಾರೂ ಮನೆಗೆ ಒಯ್ಯದ ಪುಸ್ತಕಗಳೆಷ್ಟು ಎಂದು ಕಂಪ್ಯೂಟರನ್ನು ಕೇಳಿದೆ. ಆರುನೂರ ನಲವತ್ತು ಎಂದಿತು. ಪಟ್ಟಿಯನ್ನು ಗ್ರಂಥಪಾಲಕ ಸಾಹೇಬರ ಮೇಜಿನ ಮೇಲಿಟ್ಟು (ಇವರು ಹೊಸಬರು, ನೀವು ನೋಡಿಲ್ಲ), ಒಂದು ಪ್ರತಿಯನ್ನು ಕಪಾಟಿಗೆ ಅಂಟಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಳೆದ ಬುಧವಾರ ಛತ್ರಿ ಬಂದಳು. ಬಿಸಿಲಿರಲಿ ಮಳೆಯಿರಲಿ ಕೈಯಿಂದ ಛತ್ರಿ ಬಿಡದ ಪಿಎಚ್.ಡಿ. ಹುಡುಗಿ, ಅದಕ್ಕೇ ಆ ಹೆಸರು. ನೂರು ವರ್ಷದಲ್ಲಿ ನದಿಯ ನೀರಿನ ಮಟ್ಟ ಹೇಗೆ ಬದಲಾಯಿತು ಎಂಬುದು ಅವಳ ಸಂಶೋಧನೆ. ನನ್ನ ಪಟ್ಟಿ ನೋಡಿ ಅವಳ ಮುಖ ಬಿಳಿಚಿಕೊಂಡಿತು. ‘ಅಕ್ಕಾ, ಈ ನದಿ ವರದಿಗಳು ಯಾವ ಕಂಪ್ಯೂಟರಲ್ಲೂ ಇಲ್ಲ. ನಾನು ದಿನಾ ಇಲ್ಲೇ ಕೂತು ಓದ್ತೀನಲ್ಲ, ನೀವೇ ನೋಡ್ತೀರಲ್ಲ!’ ನೋಡುತ್ತಿದ್ದೆ ಅಪ್ಪಾ, ದಿನಾ ನೋಡುತ್ತಿದ್ದೆ. ಚಪ್ಪಡಿ ಕಲ್ಲಿನಷ್ಟು ಭಾರದ ಆ ಸಂಪುಟಗಳನ್ನು ಯಾರು ಮನೆಗೆ ಹೊರುತ್ತಾರೆ? ಮೇಜಿನ ಮೇಲೆ ಓದಿ ಅಲ್ಲೇ ಬಿಟ್ಟು ಹೋಗುತ್ತಾರೆ. ಮನೆಗೆ ಹೋಗದ ಪುಸ್ತಕ ಯಾರೂ ಓದದ ಪುಸ್ತಕ ಎಂದು ಕಂಪ್ಯೂಟರ್ ಹೇಳಿದರೆ ನಾನೂ ತಲೆಯಾಡಿಸಿದ್ದೇನೆ. ಇಷ್ಟು ವರ್ಷ ಇಲ್ಲಿದ್ದು ಅದೇನು ಕಡಿದು ಕಟ್ಟೆ ಹಾಕಿದೆನೋ!

ಏಳನೇ ಸಂಪುಟವನ್ನು ಇಬ್ಬರೂ ಸೇರಿ ಇಳಿಸುವಾಗ ಹಿಂಬದಿಯ ರಟ್ಟು ತೆರೆದುಕೊಂಡಿತು. ಒಳಮೂಲೆಯಲ್ಲಿ ಸಣ್ಣ ಸಣ್ಣ ಪೆನ್ಸಿಲ್ ಗೆರೆಗಳು. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ, ಪಕ್ಕದಲ್ಲಿ ಇಸವಿ. ನನಗೆ ಎಣಿಸಲು ಕಲಿಸಿದ್ದೂ ಹೀಗೇ ತಾನೆ ನೀವು? ಇವು ನಿಮ್ಮವೇ! ಸಂಜೆ ಮೇಜಿನ ಮೇಲೆ ಉಳಿದ ಪುಸ್ತಕಗಳನ್ನು ಎತ್ತಿಡುವಾಗ ಒಂದೊಂದಕ್ಕೂ ಒಂದೊಂದು ಗೆರೆ! ಆ ಏಳನೇ ಸಂಪುಟವನ್ನು ಒಂದೇ ವರ್ಷದಲ್ಲಿ ನಲವತ್ಮೂರು ಸಲ ಓದಿದ್ದಾರೆ. ಅವತ್ತಿನಿಂದ ನಾನೂ ಛತ್ರಿಯೂ ಊಟ ತಿಂಡಿ ಮರೆತು ರಟ್ಟು ತೆರೆದು ನೋಡುವುದೇ ನೋಡುವುದು. ಮುನ್ನೂರು ಪುಸ್ತಕ ಮುಗಿದಿವೆ, ಇನ್ನೂರ ಹನ್ನೊಂದರಲ್ಲಿ ನಿಮ್ಮ ಗೆರೆಗಳಿವೆ. ಒಂದು ಗಣಿತದ ಪುಸ್ತಕದಲ್ಲಂತೂ ಜಾಗ ಸಾಲದೆ ಪಕ್ಕದ ಪುಟಕ್ಕೂ ಕೈ ಹಾಕಿದ್ದೀರಿ, ಕಳ್ಳರು ನೀವು!

ಆರು ವರ್ಷದ ಹಿಂದೆ ನಿಮ್ಮ ನಿವೃತ್ತಿಯ ಹೊತ್ತಿಗೆ ಆ ಮೆಮೊ ಬಂದಿದ್ದು ಇದಕ್ಕೇ ತಾನೆ? ಗ್ರಂಥಾಲಯದ ಪುಸ್ತಕಗಳಲ್ಲಿ ಗೀಚಿದ್ದಾರೆ ಎಂದು ಹಳೆಯ ಸಾಹೇಬರು ಎಲ್ಲರೆದುರು ಓದಿದರಂತೆ. ನೀವು ಬೀಳ್ಕೊಡುಗೆಗೂ ನಿಲ್ಲದೆ ಮನೆಗೆ ಬಂದಿರಿ. ಅಪ್ಪ ಏನೋ ತಪ್ಪು ಮಾಡಿರಬೇಕು ಎಂದು ನಾನೂ ಅಂದುಕೊಂಡಿದ್ದೆ, ಅಪ್ಪಾ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕಣ್ಣು ಮಂಜಾಗಿದೆ, ಅಕ್ಷರ ಸೊಟ್ಟಗಾದರೆ ಬಯ್ಯಬೇಡಿ.

ಬಾಗಿಲು ಕೂಡ ತಟ್ಟದೆ ಸಾಹೇಬರ ಕೋಣೆಗೆ ನುಗ್ಗಿಬಿಟ್ಟೆ. ಅವರು ಬೆರಳಿಟ್ಟು ಗೆರೆ ಎಣಿಸಿದರು. ‘ಕಂಪ್ಯೂಟರಿಗೆ ಗೊತ್ತಿಲ್ಲದ್ದು ನಿಮ್ಮ ತಂದೆಗೆ ಗೊತ್ತಿತ್ತಲ್ಲಮ್ಮಾ’ ಎಂದರು. ಮೇಜಿನ ಮೇಲೆ ಉಳಿದ ಪ್ರತಿ ಪುಸ್ತಕವನ್ನೂ ಕಪಾಟಿಗಿಡುವ ಮುಂಚೆ ಯಂತ್ರಕ್ಕೆ ತೋರಿಸಿ ದಾಖಲಿಸಬೇಕೆಂದು ಇವತ್ತಿನಿಂದಲೇ ಆದೇಶ. ನಿಮ್ಮ ಕೆಲಸವೇ ಅಪ್ಪಾ, ಪೆನ್ಸಿಲ್ ಬದಲು ಯಂತ್ರ ಬಂದಿದೆ ಅಷ್ಟೆ. ಇಲ್ಲಿ ಎಲ್ಲರ ಬಾಯಲ್ಲೂ ನಿಮ್ಮದೇ ಮಾತು.

ಅಕ್ಕನಿಗೂ ಭಾವನಿಗೂ ನಾನು ಕೇಳಿದೆನೆಂದು ಹೇಳಿ. ಅವಳಿಗಳಿಗೆ ಎರಡೆರಡು ಮುತ್ತು. ಕಿವಿ ಹಿಂಡುವುದಾದರೆ ಒಂದೊಂದು ಸಲ ಸಾಕು. ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಮೊಂಡಿ,
ಕಿರಿಮಗಳು

ಮರೆತು ಬಿಟ್ಟದ್ದಲ್ಲ, ಹೇಳಲು ಹೆದರಿ ಕೊನೆಗಿಟ್ಟದ್ದು: ಪಟ್ಟಿ ಇನ್ನೂ ರದ್ದಾಗಿಲ್ಲ. ಯಾರೋ ಎಳೆದ ಗೆರೆಯನ್ನು ಪುರಾವೆ ಎಂದು ಒಪ್ಪುವುದು ಹೇಗೆ, ಎಳೆದವರೇ ಬಂದು ಹೇಳಲಿ ಎಂದಿದೆ ಸಮಿತಿ. ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ. ನಿಮ್ಮನ್ನು ಒಂದು ಮಾತೂ ಕೇಳದೆ, ಬರುತ್ತಾರೆ ಎಂದುಬಿಟ್ಟೆ. ಆ ಮೆಟ್ಟಿಲು ಇನ್ನು ಹತ್ತಲ್ಲ ಅಂತ ಅವತ್ತು ನೀವು ಹೇಳಿದ್ದು ನೆನಪಿದೆ. ಕೊರಿಯರ್ ನಾಳೆಯೇ ನಿಮ್ಮ ಕೈ ಸೇರುತ್ತದೆ. ಬುಧವಾರ ಸಂಜೆ ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ. ಬನ್ನಿ ಅಪ್ಪಾ. ಪುಸ್ತಕ ಹೊತ್ತೊಯ್ಯಲು ಶುಕ್ರವಾರ ಬೆಳಿಗ್ಗೆ ಲಾರಿ ಬರುತ್ತದೆ, ಅದನ್ನು ಕರೆಸಿದವಳೂ ನಾನೇ.