ಶ್ರುತಿ ಕೊಟ್ಟ ಕೈ

ಮಿನ್ಸ್ಕ್, ಸೆಪ್ಟೆಂಬರ್ 12, 2020. ಶನಿವಾರ

ತಾಲೀಮಿನಲ್ಲಿ ಮತ್ತೆ ಹಾಡಿನ ಅವೇ ನಾಲ್ಕು ಸಾಲು. ಚುನಾವಣೆಯಲ್ಲಿ ಮೋಸ ಎಂದದ್ದಕ್ಕೆ ಊರೆಲ್ಲ ಲಾಠಿ ಏಟು ತಿನ್ನುತ್ತಿದೆ, ನಮ್ಮ ಮೇಷ್ಟ್ರು ಯಾಜೆಪ್ ಆದಮವಿಚ್ ಸಂಗೀತ ಕಟ್ಟಿರುವುದು ಹಿಮವನ್ನು ಕುರಿತ ಹಾಡಿಗೆ! ಸರ್ಕಾರದ ಪದಕ ವಾಪಸ್ ಎಸೆದರು, ಸರಿ. ಸರ್ಕಾರಿ ಗಾಯನವೃಂದದ ನಿರ್ದೇಶಕನ ಕೆಲಸ ಕಳೆದುಕೊಂಡರು, ಸರಿ. ಆದರೆ ಕಲ್ಲಿಲ್ಲದ ಪ್ರತಿಭಟನೆ ಭಿಕ್ಷೆ — ಕರಪತ್ರದಲ್ಲಿ ಓದಿದ್ದೇನೆ. ಹೇಳಿಯೇಬಿಟ್ಟೆ.

"ಕಲ್ಲು ಆಮೇಲೆ ಎಸೆಯುವಿಯಂತೆ ಅಲೇಸ್ಯಾ. ಮೊದಲು ಶ್ರುತಿ ಸರಿಮಾಡ್ಕೊ ತಾಯಿ, ಕೆಳಗಿದ್ದೀಯ."

ಅಂದರು ಮೇಷ್ಟ್ರು. ಎಲ್ಲರೂ ನಕ್ಕರು. ಮೇಲುದನಿಯ ಜೋಸ್ಕಾ ಎಲ್ಲರಿಗಿಂತ ಜಾಸ್ತಿ.

ನಾಳೆ ಹಾಡುವುದು ಮಾರುಕಟ್ಟೆಯಲ್ಲಿ. ಬಿಳಿ ಮುಖವಾಡ. ಜನರ ನಡುವೆ ಚದುರಿ ನಿಲ್ಲುವುದು. ಮೇಷ್ಟ್ರು ಶ್ರುತಿಕವೆಯನ್ನು, ಸ್ವರ ಕೊಡುವ ಆ ಉಕ್ಕಿನ ಕವಲುಕಡ್ಡಿಯನ್ನು, ಮೊಣಕಾಲಿಗೆ ಬಡಿದು ಸ್ವರ ಗುನುಗುತ್ತಾರೆ, ಒಬ್ಬರಿಂದೊಬ್ಬರು ಹಿಡಿಯಬೇಕು. ಕೈ ಎತ್ತುವುದಿಲ್ಲ. ಮೇಷ್ಟ್ರು ಯಾರೆಂದು ಪೊಲೀಸರಿಗೆ ತಿಳಿಯಬಾರದು.

ಸೆಪ್ಟೆಂಬರ್ 17

ಠಾಣೆಯಿಂದ ಬಿಟ್ಟರು. ಕೂರಲಾಗದು. ನಿಂತೇ ಬರೆಯುತ್ತಿದ್ದೇನೆ.

ಎರಡನೆಯ ಚರಣಕ್ಕೇ ಪೊಲೀಸರು ಮಾರುಕಟ್ಟೆಯ ಬಾಗಿಲು ಹಾಕಿದರು. ವ್ಯಾನಿನಲ್ಲಿ ಒಬ್ಬರ ಮೇಲೊಬ್ಬರು, ಮೇಲೆ ಬೂಟು. ಠಾಣೆಯ ಅಂಗಳದಲ್ಲಿ ಗೋಡೆಗೆ ನಿಲ್ಲಿಸಿ ಮುಖವಾಡ ಕಿತ್ತರು. ಪದಕ ಪಡೆದಿದ್ದ ಮೇಷ್ಟ್ರ ಮುಖ ಆ ಗೂಳಿಗಳಿಗೆ ಗುರುತು ಸಿಗಲಿಲ್ಲ.

"ಕೈ ಆಡಿಸೋ ಮೇಷ್ಟ್ರು ಯಾರ್ರೋ?" ಅಂದ ಅಧಿಕಾರಿ.

ಯಾರೂ ಬಾಯಿಬಿಡಲಿಲ್ಲ. ಲಾಠಿ. ಜೋಸ್ಕಾಳ ಮುಂದಿನ ಹಲ್ಲು ಹೋಯಿತು.

"ಹಾಡಕ್ಕೆ ಬಂದೋರಲ್ವಾ? ಹಾಡ್ರಿ ಮತ್ತೆ! ನಾನೂ ಕೇಳ್ತೀನಿ."

ಜೋಸ್ಕಾ ರಕ್ತ ಉಗುಳಿ ಹಾಡು ಎತ್ತಿದಳು. ಹೆದರಿಕೆಗೆ ಸ್ವರ ತೀರ ಮೇಲೆ. ಆ ಎತ್ತರದಲ್ಲಿ ಮೂರನೆಯ ಸಾಲಿಗೆ ಗಂಟಲು ಹರಿಯುತ್ತದೆ. ಸೇರಿಕೊಂಡೆವು. ಒಡಕು, ಅಸಹ್ಯ. ಪೊಲೀಸರು ಬಿದ್ದು ಬಿದ್ದು ನಕ್ಕರು.

ಆಗ ನನ್ನ ಪಕ್ಕದಲ್ಲಿ ಕೈ ಎದ್ದಿತು.

"ನಿಲ್ಲಿಸಿ." ಮೇಷ್ಟ್ರು ಕೆಳಗಿನ ಸ್ವರ ಗುನುಗಿದರು. "ಇಲ್ಲಿಂದ, ಮಕ್ಕಳೇ."

ಅಷ್ಟೇ ಸಾಕಾಯಿತು ಪೊಲೀಸರಿಗೆ. ಆ ಕೈಗಳನ್ನು ಕಲ್ಲುಹಾಸಿನ ಮೇಲೆ ಚಾಚಿಸಿ ತುಳಿದರು. ಮೂಳೆಯ ಸದ್ದು ಕೇಳಿತು. ನಾವು ಹಾಡುತ್ತಲೇ ಇದ್ದೆವು. ನಿಲ್ಲಿಸುವ ಸನ್ನೆ ಬರಲಿಲ್ಲ... ಮಾಡಲು ಕೈ ಉಳಿದಿರಲಿಲ್ಲ.

ಅಕ್ಟೋಬರ್ 3

ಆಸ್ಪತ್ರೆ. ಮೇಷ್ಟ್ರ ಎರಡೂ ಕೈಗೆ ಪ್ಲಾಸ್ಟರ್. ಬೆರಳು ಇನ್ನು ಮಡಚುವುದಿಲ್ಲವಂತೆ.

"ಬಾಯಿ ಮುಚ್ಕೊಂಡು ಇರಕ್ಕೆ ಆಗ್ಲಿಲ್ವಾ ನಿಮಗೆ?" ಕಿರುಚಿದೆ.

"ಹುಡುಗಿ ಗಂಟಲು ಹೋಗ್ತಿತ್ತು ಕಣೇ."

ಕೈ ತುಳಿಸಿದ ಆ ಅಧಿಕಾರಿಯ ತಲೆ ಒಡೆಯುತ್ತೇನೆ ಎಂದೆ. ಕಲ್ಲು ಆರಿಸಿಟ್ಟಿದ್ದೇನೆ ಎಂದೆ. ಅವರು ಗಲ್ಲದಿಂದ ಕೋಟು ತೋರಿಸಿದರು.

"ಜೇಬಲ್ಲಿ ಶ್ರುತಿಕವೆ ಇದೆ, ತಗೋ. ನಾಳೆ ರೈಲು ನಿಲ್ದಾಣದಲ್ಲಿ ಸ್ವರ ನೀನು ಕೊಡು. ಕೆಳಗೆ ಕೊಟ್ಯೋ, ಎದ್ದು ಬಂದು ಒದೀತೀನಿ. ಕಾಲು ಗಟ್ಟಿಯಾಗಿವೆ."

ಅಕ್ಟೋಬರ್ 4, ಮಧ್ಯಾಹ್ನ

ರೈಲು ನಿಲ್ದಾಣದ ಕಕ್ಕಸು. ಎಡ ಜೇಬಿನಲ್ಲಿ ಕಲ್ಲು, ಬಲದಲ್ಲಿ ಶ್ರುತಿಕವೆ. ಕಿಟಕಿಯಾಚೆ ಆ ಅಧಿಕಾರಿಯೇ — ಮೆಟ್ಟಿಲ ಬಳಿ ನಿಂತು ಐಸ್‌ಕ್ರೀಮ್ ನೆಕ್ಕುತ್ತಿದ್ದಾನೆ. ಬೆನ್ನು ಈ ಕಡೆ. ಕಲ್ಲು ಗುರಿ ತಪ್ಪುವಷ್ಟು ದೂರವೂ ಇಲ್ಲ.

ಹೊರಗೆ ಜೋಸ್ಕಾ ಕೆಮ್ಮಿದಳು. ಕಾಯುತ್ತಿದ್ದಾರೆ. ತಡಮಾಡಿದರೆ ಅವಳೇ ಮತ್ತೆ ಮೇಲಿಂದ ಎತ್ತಿಬಿಡುತ್ತಾಳೆ.

ಎರಡನ್ನೂ ಜೇಬಿನಿಂದ ತೆಗೆದೆ. ಶ್ರುತಿಕವೆಯನ್ನು ಕಲ್ಲಿಗೇ ಬಡಿದೆ. ಕಿವಿಗೆ ಹಿಡಿದೆ. ಸ್ವರ ಸರಿಯಾಗಿದೆ. ಕಲ್ಲನ್ನು ಇಲ್ಲೇ ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಹೊರಟೆ.