ಮನೆಯಲ್ಲಿ ರೈತರು ಯಾರೂ ಇಲ್ಲ

ಅಮ್ಮಾ,

ನೀನು ಇದನ್ನು ಓದುವುದಿಲ್ಲವೆಂದು ಗೊತ್ತು. ಬದುಕಿದ್ದಾಗಲೂ ನಿನಗೆ ಓದು ಬರುತ್ತಿರಲಿಲ್ಲ. ಆದರೂ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಬೆಳಿಗ್ಗೆ ಕೃಷಿ ಇಲಾಖೆಯ ಸಾಹೇಬರು ಬಂದಿದ್ದರು. ಹನಿ ನೀರಾವರಿಯ ಪೈಪು ಕೊಡುತ್ತಾರಂತೆ, ಅದಕ್ಕೆ ರೈತರ ಹೆಸರು ಬರೆದುಕೊಳ್ಳುತ್ತಿದ್ದರು. ನಾನು ಮೊಣಕಾಲವರೆಗೆ ಕೆಸರು ಮಾಡಿಕೊಂಡು ಈರುಳ್ಳಿ ಸಸಿ ನೆಡುತ್ತಿದ್ದೆ.

"ರೈತರು ಇದಾರೇನಮ್ಮಾ ಮನೇಲಿ?"

"ಯಾರೂ ಇಲ್ಲ ಸಾರ್. ಅಣ್ಣ ಪೇಟೇಲಿ ಲಾರಿ ಓಡಿಸ್ತಾನೆ."

ಅವರು ಪುಸ್ತಕ ಮುಚ್ಚಿ ಹೊರಟರು. ಪಕ್ಕದ ಹೊಲದ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. "ಹಂಗಾದ್ರೆ ನೀನ್ಯಾರೇ, ಬೆದರುಬೊಂಬೆನಾ?"

ನನಗೆ ಆಗ ಹೊಳೆಯಿತು. ಸಾಹೇಬರ ಹಿಂದೆಯೇ ಓಡಿ, ನನ್ನ ಹೆಸರೇ ಬರೆದುಕೊಳ್ಳಿ ಎಂದೆ.

"ಜಮೀನು ಯಾರ ಹೆಸರಲ್ಲಿದೆ?" ಎಂದರು.

"ಅಣ್ಣಂದು."

"ಹಂಗಾದ್ರೆ ಅವರೇ ಬರ್ಬೇಕಮ್ಮಾ."

ಅವನೆಲ್ಲಿ ಬರುತ್ತಾನೆ? ಈ ಸಲವೂ ಕೊಡದಲ್ಲೇ ನೀರು ಹೊರಬೇಕು. ನನ್ನ ಸೊಂಟ ತಡೆದೀತೋ ಇಲ್ಲವೋ, ಸಸಿ ಉಳಿದಾವೋ ಇಲ್ಲವೋ, ಅದೇ ಚಿಂತೆ.

ಆಸ್ಪತ್ರೆಯಲ್ಲಿ ನೀನು, "ಅರ್ಧ ಜಮೀನು ನಿನ್ನ ಹೆಸರಿಗೆ ಬರೆಸ್ತೀನಿ ಕಣೇ" ಎಂದಿದ್ದೆ. ಅಣ್ಣ ಮುನಿಸಿಕೊಂಡಾನೆಂಬ ಭಯಕ್ಕೆ ನಾನೇ ಬೇಡವೆಂದೆ. ನೀನು ಗೋಡೆಯ ಕಡೆ ಹೊರಳಿದೆ. ನಿದ್ದೆ ಬಂತೇನೋ ಅಂದುಕೊಂಡು ನಾನು ಹೊದಿಕೆ ಸರಿಮಾಡಿದೆ.